ಕಡತದೊಳಗಿಲ್ಲದ ಕನ್ನಡ

ನುಡಿ ತಂತ್ರಾಂಶದ ಹಳೆಯ ವ್ಯವಸ್ಥೆಯಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಪರದೆಯ ಮೇಲೆ ಮೂರು ಅಕ್ಷರ ಅಚ್ಚುಕಟ್ಟಾಗಿ ಮೂಡುತ್ತವೆ. ಕಡತದೊಳಗೆ ಹೋಗಿ ಕೂರುವುದು ಮಾತ್ರ ಬೇರೆ: ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಬರಹದ ಜೋಡಿ ಎಸ್, ಒಂದು ಕ್ಯೂ, ಕೊನೆಗೆ ಇನ್ನೊಮ್ಮೆ ಆ ಎ. ಈ ಏಳು ಚಿಹ್ನೆಗಳ ಮೇಲೆ ನುಡಿಯ ಫಾಂಟ್ ಹೊದಿಸಿದಾಗ ಕನ್ನಡ ಕಾಣುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತ ತೆರೆದರೆ ಪೌಂಡು, ಕ್ಯೂಗಳೇ ಕಾಣುತ್ತವೆ. ಕಡತದಲ್ಲಿ ಇರುವುದೂ ಅವೇ.

ಡಿಟಿಪಿ ಅಂಗಡಿಗಳಲ್ಲಿ, ಪತ್ರಿಕೆಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಇದಕ್ಕೆ ‘ಆಸ್ಕಿ’ ಎನ್ನುತ್ತಾರೆ, ಇಲ್ಲವೇ ಸುಮ್ಮನೆ ‘ನುಡಿ’. ಲೇಖನ ಕಳಿಸಿದವರಿಗೆ ಇಂದಿಗೂ ಬರುವ ಮೊದಲ ಪ್ರಶ್ನೆ, ‘ನುಡಿಯಲ್ಲಿದೆಯಾ, ಯೂನಿಕೋಡಾ?’ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ 1991ರಲ್ಲಿ ಬಂದ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಮೂರು ದಶಕ ದಾಟಿದ ಮೇಲೂ ಈ ಪ್ರಶ್ನೆ ಕೇಳಬೇಕಾಗಿ ಬಂದಿರುವುದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ. ಇದಕ್ಕೆಲ್ಲ ಬಳಸುವವರ ಅಜ್ಞಾನವೇ ಕಾರಣ ಎಂದುಬಿಡುವುದು ಸುಲಭ. ಆದರೆ ಅದು ನಿಜವಲ್ಲ. ಬಿಟ್ಟಿಯಾಗಿ ಸಿಕ್ಕ ತಂತ್ರಾಂಶವನ್ನು ನಮ್ಮದೇ ಎಂದು ನಂಬಿದ್ದು ಒಂದು ಕಾರಣ. ನಿಜವಾಗಿ ನಮ್ಮದಾಗಬಲ್ಲ ಮುಕ್ತ ತಂತ್ರಾಂಶ ಅಚ್ಚಿನ ಮನೆಯ ಹೊಸ್ತಿಲ ತನಕ ಬಂದು ಅಲ್ಲೇ ನಿಂತದ್ದು ಇನ್ನೊಂದು.

ಆಸ್ಕಿ ಹುಟ್ಟಿದ್ದರಲ್ಲಿ ತಪ್ಪಿರಲಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದರೂ ಅದನ್ನು ಪರದೆಯ ಮೇಲೆ ತೋರಿಸುವ ಶಕ್ತಿ ಸಾಮಾನ್ಯ ಕಂಪ್ಯೂಟರಿಗೆ ಬಂದದ್ದು ಬಹಳ ತಡವಾಗಿ. ವಿಂಡೋಸ್ ಬಳಸುವವರಿಗೆ ಅದು 2001ರ ಎಕ್ಸ್‌ಪಿ ಮತ್ತು ಅದರ ಜೊತೆ ಬಂದ ತುಂಗಾ ಫಾಂಟಿನೊಂದಿಗೆ ಸಿಕ್ಕಿತು. ಅಲ್ಲಿಯವರೆಗೆ ಇದ್ದ ದಾರಿ ಒಂದೇ: ಫಾಂಟಿನಲ್ಲಿ ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳಿಗೆ ಇದ್ದ 256 ಗೂಡುಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸುವುದು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ತಂತ್ರಾಂಶಗಳೆಲ್ಲ ಹೀಗೇ ಕೆಲಸ ಮಾಡಿದವು. ತೊಡಕೆಂದರೆ ಒಬ್ಬೊಬ್ಬರು ಒಂದೊಂದು ಗೂಡಿನಲ್ಲಿ ಒಂದೊಂದು ತುಂಡು ಇಟ್ಟರು. ಒಬ್ಬರ ಕಡತ ಇನ್ನೊಬ್ಬರಿಗೆ ಓದಲು ಬರುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು, ಮನೆಮನೆಯ ಕಂಪ್ಯೂಟರಿಗೆ ಕನ್ನಡ ತಂದಿತು. ಆಮೇಲೆ ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದಿಂದ ನುಡಿಯನ್ನು ಹೊರತಂದಿತು. ಚೆಲ್ಲಾಪಿಲ್ಲಿಯಾಗಿದ್ದ ಗೂಡುಗಳನ್ನು ಒಂದು ಕ್ರಮಕ್ಕೆ ತಂದು, ಕಚೇರಿಗಳಲ್ಲಿ ಕನ್ನಡದ ಪತ್ರ ವ್ಯವಹಾರ ಕಂಪ್ಯೂಟರಿನಲ್ಲಿ ನಡೆಯುವಂತೆ ಮಾಡಿದ್ದು ನುಡಿಯ ದೊಡ್ಡ ಕೆಲಸ. ಅದನ್ನು ಸಣ್ಣದು ಮಾಡಿ ಹೇಳುವವರ ಜೊತೆ ನನಗೆ ಸಹಮತವಿಲ್ಲ.

ನುಡಿಯ ಜೊತೆ ನಾಡಿನಾದ್ಯಂತ ಹರಡಿದ ಕೀಲಿಮಣೆಯ ಮಾತನ್ನಂತೂ ಬೇರೆಯಾಗಿಯೇ ಹೇಳಬೇಕು. ಕೆ. ಪಿ. ರಾವ್ ಅವರ ಚಿಂತನೆಯಿಂದ ರೂಪುಗೊಂಡ, ಈಗ ಕಗಪ ಎಂದು ಕರೆಯಿಸಿಕೊಳ್ಳುವ ಆ ವಿನ್ಯಾಸದಲ್ಲಿ ಅಲ್ಪಪ್ರಾಣಕ್ಕೆ ಒಂದು ಕೀಲಿ, ಮಹಾಪ್ರಾಣಕ್ಕೆ ಅದೇ ಕೀಲಿಯ ಜೊತೆ ಶಿಫ್ಟ್. ವ್ಯಂಜನ ಒತ್ತಿದರೆ ಅಕಾರ ತಾನಾಗಿ ಬರುತ್ತದೆ. ಒತ್ತಕ್ಷರ ಬೇಕಾದಾಗ ನಡುವೆ ಎಫ್ ಒತ್ತಿದರೆ ಸಾಕು. ‘ಕನ್ನಡ’ಕ್ಕೆ ಐದೇ ಕೀಲಿ. ಕನ್ನಡದ ಕಾಗುಣಿತ ಬಲ್ಲವರಿಗೆ ಇದನ್ನು ಕಲಿಯಲು ಒಂದು ಮಧ್ಯಾಹ್ನ ಬೇಕಾದರೆ ಹೆಚ್ಚು. ಇಂಗ್ಲಿಷ್ ಕಾಗುಣಿತದ ಮೂಲಕ ಹಾದು ಕನ್ನಡಕ್ಕೆ ಬರುವ ಲಿಪ್ಯಂತರದ ವಿಧಾನಕ್ಕಿಂತ ಇದು ಎಷ್ಟೋ ಮೇಲು. ಈ ವಿನ್ಯಾಸ ಈಗ ಲಿನಕ್ಸ್ ವಿತರಣೆಗಳ ಕೀಲಿಮಣೆ ಪಟ್ಟಿಯಲ್ಲಿ ಕಗಪ ಎಂಬ ಹೆಸರಿನಲ್ಲೇ ಇದೆ, ವಿಕಿಪೀಡಿಯದ ಟೈಪಿಂಗ್ ಸಾಧನದಲ್ಲೂ ಇದೆ. ನುಡಿಯ ಜೊತೆ ಬಂದದ್ದರಲ್ಲಿ ಎಲ್ಲರ ಸೊತ್ತಾಗಿ ಉಳಿದದ್ದು ಇದು.

ಉಳಿಯಬಾರದಿದ್ದದ್ದು ನುಡಿಯ ಆಸ್ಕಿ ಬರಹ. ಎಷ್ಟು ಆಳದ ತೊಂದರೆ ಇದು ಎಂಬುದು ಪರದೆ ನೋಡಿದರೆ ತಿಳಿಯುವುದಿಲ್ಲ. ಆಸ್ಕಿಗೆ ಅಕ್ಷರ ಗೊತ್ತಿಲ್ಲ, ಆಕಾರ ಮಾತ್ರ ಗೊತ್ತು. ಅದರ ಲೆಕ್ಕದಲ್ಲಿ ‘ಮ’ ಎಂಬುದು ಒಂದು ಅಕ್ಷರವಲ್ಲ, ‘ವ’ದ ಆಕಾರಕ್ಕೆ ಬಲಗಡೆ ಒಂದು ಕೊಂಬು ಸೇರಿದ ಚಿತ್ರ. ಹಾಗಾಗಿ ಕಡತದಲ್ಲಿ ‘ವ’ ಹುಡುಕಿದರೆ ಎಲ್ಲ ‘ಮ’ಗಳೂ ಎದ್ದು ಬರುತ್ತವೆ. ‘ಯ’ದ ಮೊದಲ ತುಂಡು ಅನುಸ್ವಾರದ ಸೊನ್ನೆಯೇ ಆದ್ದರಿಂದ ಸೊನ್ನೆ ಹುಡುಕಿದವರಿಗೆ ‘ಯ’ ಸಿಗುತ್ತದೆ. ‘ಧರ್ಮ’ ಎನ್ನುವಾಗ ನಾಲಿಗೆಗೆ ರಕಾರ ಮೊದಲು, ಮಕಾರ ಆಮೇಲೆ; ಆಸ್ಕಿ ಕಡತದಲ್ಲಿ ಮಕಾರದ ತುಂಡುಗಳೆಲ್ಲ ಮುಗಿದ ಮೇಲೆ ಅರ್ಕಾವತ್ತು. ಕಣ್ಣಿಗೆ ಕಂಡ ಕ್ರಮವನ್ನೇ ಅದು ದಾಖಲಿಸುತ್ತದೆ. ಯೂನಿಕೋಡ್ ದಾಖಲಿಸುವುದು ಉಚ್ಚಾರದ ಕ್ರಮವನ್ನು, ಕೇಶಿರಾಜನಿಂದ ಇಂದಿನ ಪ್ರಾಥಮಿಕ ಶಾಲೆಯ ಮೇಷ್ಟರವರೆಗೆ ಎಲ್ಲರೂ ಅಕ್ಷರ ಎಂದುಕೊಂಡಿರುವುದನ್ನು. ಪದಗಳನ್ನು ಅಕಾರಾದಿಯಾಗಿ ಜೋಡಿಸುವುದು, ಕಾಗುಣಿತ ಪರೀಕ್ಷಿಸುವುದು, ನಿಘಂಟಿಗೆ ಕೊಂಡಿ ಹಾಕುವುದು, ಒಂದು ಕಾದಂಬರಿಯಲ್ಲಿ ಒಂದು ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವುದು, ಇವಕ್ಕೆಲ್ಲ ಬೇಕಾದದ್ದು ಈ ಎರಡನೆಯ ಕ್ರಮ. ಕನ್ನಡದ ಸಂಶೋಧಕರಿಗೆ ಇಂಥ ಎಣಿಕೆ ಎಷ್ಟು ಬೆಲೆಯುಳ್ಳದ್ದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡುವುದು ಕಣ್ಣು ಕಾಣದ ಓದುಗರ ಪ್ರಶ್ನೆ. ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶವಿದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್, ತಾವೇ ಅಂಧರಾಗಿದ್ದವರು, ಅದನ್ನು ಆರಂಭಿಸಿದರು. ಮುಕ್ತ ತಂತ್ರಾಂಶ, ಯಾರು ಬೇಕಾದರೂ ಹಣ ಕೊಡದೆ ಹಾಕಿಕೊಳ್ಳಬಹುದು. ಅದರ ಜೊತೆ ಬರುವ ಇ-ಸ್ಪೀಕ್ ಧ್ವನಿಗೆ ಕನ್ನಡ ಓದಲು ಬರುತ್ತದೆ. ಸ್ವರ ಒರಟು, ಆದರೆ ಅರ್ಥವಾಗುತ್ತದೆ. ಯೂನಿಕೋಡಿನಲ್ಲಿರುವ ಕನ್ನಡವನ್ನು ಅದು ಓದಿ ಹೇಳುತ್ತದೆ. ಆಸ್ಕಿಯಲ್ಲಿರುವ ಸುತ್ತೋಲೆ ಎದುರಾದರೆ ಪೌಂಡು, ಕ್ಯೂಗಳ ಅರ್ಥವಿಲ್ಲದ ಸದ್ದು ಬಿಟ್ಟು ಬೇರೇನೂ ಹೊರಡುವುದಿಲ್ಲ. ಕಣ್ಣಿದ್ದವರಿಗೆ ಸುಂದರವಾಗಿ ಕಾಣುವ ಆದೇಶ ಕಣ್ಣಿಲ್ಲದ ಪ್ರಜೆಗೆ ಆದೇಶವೇ ಅಲ್ಲ. ಬೇರೆ ಎಲ್ಲ ಅನಾನುಕೂಲಗಳನ್ನು ಹೇಗೋ ಸಹಿಸಿಕೊಳ್ಳೋಣ ಎಂದರೂ ಸರ್ಕಾರಿ ಕಡತಗಳು ಆಸ್ಕಿಯಲ್ಲಿ ಇರಬಾರದು ಎನ್ನಲು ಇದೊಂದು ಕಾರಣ ಸಾಕು.

ಇಷ್ಟೆಲ್ಲ ಇದ್ದೂ ಆಸ್ಕಿ ಏಕೆ ಬದುಕಿದೆ? ನಮ್ಮಲ್ಲಿ ಹಣವಿಲ್ಲದೆ ಸಿಗುವ ‘ಉಚಿತ’ ಮತ್ತು ಮೂಲಸಂಕೇತ ಎಲ್ಲರಿಗೂ ತೆರೆದಿರುವ ‘ಮುಕ್ತ’ ಒಂದೇ ಎಂಬ ಭಾವನೆ ಬೇರೂರಿತು. ಬರಹ ಉಚಿತವಾಗಿ ಸಿಗುತ್ತಿತ್ತು, ಆಮೇಲೆ ದುಡ್ಡು ಕೊಡಬೇಕಾದ ತಂತ್ರಾಂಶವಾಯಿತು. ತಮ್ಮ ದುಡಿಮೆಗೆ ಬೆಲೆ ಕೇಳುವುದು ಮಾಡಿದವರ ಹಕ್ಕು, ಅದರಲ್ಲಿ ಆಕ್ಷೇಪಿಸುವಂಥದ್ದೇನಿಲ್ಲ. ಆದರೆ ಅದನ್ನೇ ನೆಚ್ಚಿ ಬರೆಯುತ್ತಿದ್ದವರಿಗೆ ಬೇರೆ ಹಾದಿ ತೋಚಲಿಲ್ಲ, ಏಕೆಂದರೆ ಒಳಗಿನ ಮೂಲಸಂಕೇತ ಅವರ ಕೈಯಲ್ಲಿರಲಿಲ್ಲ. ನುಡಿಗೆ ಸಾರ್ವಜನಿಕ ಹಣದ ಬೆಂಬಲವಿತ್ತು. ಆ ಹಣದಿಂದ ಆದ ಕೆಲಸದ ಮೂಲಸಂಕೇತವನ್ನು ಮೊದಲ ದಿನದಿಂದಲೇ ಸಾರ್ವಜನಿಕರ ಮುಂದಿಟ್ಟಿದ್ದರೆ ಇಂಜಿನಿಯರಿಂಗ್ ಓದುವ ನೂರಾರು ಕನ್ನಡದ ಹುಡುಗ ಹುಡುಗಿಯರು ಅದರಲ್ಲಿ ಕೈಯಾಡಿಸುತ್ತಿದ್ದರು, ಆಸ್ಕಿಯಿಂದ ಯೂನಿಕೋಡಿಗೆ ದಾಟುವ ಸೇತುವೆ ಇಷ್ಟು ತಡವಾಗುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಮುಕ್ತ ತಂತ್ರಾಂಶ ಏನು ಮಾಡಬಲ್ಲದು ಎಂಬುದಕ್ಕೆ ಹಾರ್ಫ್‌ಬಜ್ ಒಂದೇ ಉದಾಹರಣೆ ಸಾಕು. ಅಕ್ಷರಗಳನ್ನು ಜೋಡಿಸಿ, ಒತ್ತು ಕೊಂಬುಗಳನ್ನು ಅವವುಗಳ ಜಾಗದಲ್ಲಿ ಕೂರಿಸುವ ಕೆಲಸ ಅದರದು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಫೋನುಗಳು, ಲಿಬ್ರೆ ಆಫೀಸ್, ಎಲ್ಲದರ ಒಳಗೂ ಇದೇ ಇದೆ. ಹೆಸರು ಕೇಳಿದವರು ಕಡಿಮೆ, ದಿನವೂ ಬಳಸುವವರು ಕೋಟಿಗಟ್ಟಲೆ. ‘ರ‍್ಯಾಂಕ್’ ಎಂದು ಬರೆದರೆ ರಕಾರ ಅರ್ಕಾವತ್ತಾಗದೆ ಪೂರ್ತಿ ನಿಲ್ಲಬೇಕು, ‘ರಾಜ್‌ಕುಮಾರ್’ ಎಂದರೆ ಜಕಾರಕ್ಕೆ ಕಕಾರ ಒತ್ತಾಗಿ ಅಂಟಬಾರದು. ಕನ್ನಡದ ಇಂಥ ಸೂಕ್ಷ್ಮಗಳಲ್ಲಿ ದೋಷ ಕಂಡರೆ ಯಾರಾದರೂ ವರದಿ ಮಾಡಬಹುದು, ತಿಳಿದವರು ಸರಿಪಡಿಸಬಹುದು. ಸರಿಯಾದದ್ದು ಹೊಸ ಆವೃತ್ತಿಗಳ ಜೊತೆ ಎಲ್ಲ ಕಡೆಗೂ ತಲುಪುತ್ತದೆ. ಫಾಂಟುಗಳ ಕಥೆಯೂ ಹೀಗೆಯೇ: ಲೋಹಿತ್, ಗುಬ್ಬಿ, ನವಿಲು, ನೋಟೊ, ಬೆಣ್ಣೆ, ಹುಬ್ಬಳ್ಳಿ, ಅನೇಕ್. ಮುಕ್ತ ಪರವಾನಗಿಯಲ್ಲಿ ಸಿಗುವ ಇವುಗಳನ್ನು ಪುಸ್ತಕದಲ್ಲಿ, ಜಾಲತಾಣದಲ್ಲಿ, ಅಂಗಡಿಯ ಫಲಕದಲ್ಲಿ ಬಳಸಲು ಯಾರ ಅಪ್ಪಣೆಯೂ ಬೇಡ.

ಹಾಗೆಂದು ಮುಕ್ತ ತಂತ್ರಾಂಶದ ಗೆಳೆಯರನ್ನು ಪೂರ್ತಿ ಮೆಚ್ಚಿ ಮುಗಿಸಲಾರೆ. ಬ್ರೌಸರಿಗೆ, ಫೋನಿಗೆ, ವಿಕಿಪೀಡಿಯಕ್ಕೆ ಕನ್ನಡ ತಂದ ಉತ್ಸಾಹ ಪುಟವಿನ್ಯಾಸದ ಕಡೆ ಹರಿಯಲಿಲ್ಲ. ಕನ್ನಡ ಪುಸ್ತಕ ತಯಾರಾಗುವುದು ಬ್ರೌಸರಿನಲ್ಲಲ್ಲ. ಊರಿನ ಮುಖ್ಯರಸ್ತೆಯ ಮಹಡಿಯೊಂದರಲ್ಲಿ, ಪುಟಕ್ಕಿಷ್ಟು ಎಂದು ಕೂಲಿ ಪಡೆಯುವ ಡಿಟಿಪಿ ಕೆಲಸಗಾರರ ಕೈಯಲ್ಲಿ. ಅವರಲ್ಲಿ ಅನೇಕರು ದುಡಿದು ಪಳಗಿದ್ದು ಪೇಜ್‌ಮೇಕರಿನಲ್ಲಿ. 2001ರ ಏಳನೇ ಆವೃತ್ತಿಯ ನಂತರ ಪೇಜ್‌ಮೇಕರ್ ಬೆಳೆಯಲಿಲ್ಲ, ಅದಕ್ಕೆ ಯೂನಿಕೋಡ್ ಕನ್ನಡ ಬರುವುದೇ ಇಲ್ಲ. ಇನ್‌ಡಿಸೈನ್‌ಗೆ ಬರುತ್ತದೆ, ಆದರೆ ಹೊಸ ಆವೃತ್ತಿಗೆ ಚಂದಾ ಕಟ್ಟಬೇಕು. ಕಟ್ಟಿದ ಮೇಲೂ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಹುಡುಕಿ ಒತ್ತದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಅದನ್ನು ಮೊದಲ ಬಾರಿ ಕಂಡವರು ಯೂನಿಕೋಡೇ ಕೆಟ್ಟದ್ದು ಎಂದು ತೀರ್ಮಾನಿಸಿ ನುಡಿಗೆ ಮರಳಿದರೆ ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕಾದ ಪುಟ ಅವರ ಮುಂದಿರುತ್ತದೆ.

ಇಲ್ಲಿ ನೆರವಿಗೆ ಬರಬೇಕಿದ್ದದ್ದು ಸ್ಕ್ರೈಬಸ್ ಎಂಬ ಮುಕ್ತ ಪುಟವಿನ್ಯಾಸ ತಂತ್ರಾಂಶ. ಅದರ 1.4 ಸರಣಿಯಲ್ಲಿ ಕನ್ನಡದ ಒತ್ತುಗಳು ಕೂರುತ್ತಿರಲಿಲ್ಲ. 1.5 ಸರಣಿಯಲ್ಲಿ ಹಾರ್ಫ್‌ಬಜ್ ಸೇರಿ ಆ ಕೊರತೆ ನೀಗಿತು, ಆದರೆ ಅದು ಅಭಿವೃದ್ಧಿಯ ಹಂತದ ಆವೃತ್ತಿ, ಅಚ್ಚಿನ ಮನೆಗೆ ಕೊಡಲು ಧೈರ್ಯ ಬರುವಂಥದ್ದಲ್ಲ. ಸ್ಥಿರವಾದ 1.6 ಬಂದದ್ದು 2024ರಲ್ಲಿ. ಅಷ್ಟು ಹೊತ್ತಿಗೆ ಒಂದು ತಲೆಮಾರಿನ ಕೆಲಸಗಾರರು ಆಸ್ಕಿಯಲ್ಲೇ ನೆಲೆಯೂರಿದ್ದರು. ಮುಕ್ತ ಫಾಂಟುಗಳಲ್ಲೂ ಶೀರ್ಷಿಕೆಗೆ ಒಪ್ಪುವಂಥವು ಹಲವು; ಮುನ್ನೂರು ಪುಟದ ಕಾದಂಬರಿಯನ್ನು ಕಣ್ಣು ದಣಿಯದಂತೆ ಓದಿಸುವ, ಸಾಲು ಬಿಗಿಯಾಗಿ ಕೂರುವಂಥವು ಕೆಲವೇ. ಒತ್ತಿನ ಮೇಲೆ ಒತ್ತು ಬಂದಾಗ ಸಾಲುಗಳ ನಡುವಿನ ಜಾಗ ಹಿಗ್ಗಿ ಪುಟದ ಲೆಕ್ಕ ತಪ್ಪುತ್ತದೆ. ಪುಟ ಹೆಚ್ಚಾದರೆ ಕಾಗದದ ಖರ್ಚು ಹೆಚ್ಚು, ಪ್ರಕಾಶಕರು ಹಿಂಜರಿಯುತ್ತಾರೆ. ಇವು ಬರಿಯ ನೆಪಗಳಲ್ಲ, ಕಸುಬಿನ ಒಳಗಿನ ಕಷ್ಟಗಳು. ಯೂನಿಕೋಡ್ ಪರವಾಗಿ ಮಾತಾಡುವ ಎಷ್ಟೋ ಸಭೆಗಳಲ್ಲಿ ಇವುಗಳ ಪ್ರಸ್ತಾಪವೇ ಇರುವುದಿಲ್ಲ.

ಯೂನಿಕೋಡಿಗೆ ದಾಟಿದವರ ತೊಂದರೆಗಳೂ ಮುಗಿದಿಲ್ಲ. ‘ರಾಜ್‌ಕುಮಾರ್’ ಬಿಡಿಸಿ ಬರೆಯಲು ನಡುವೆ ಹಾಕುವ ಕಾಣದ ಸಂಕೇತವೊಂದಿದೆ. ಕೆಲವು ಟೈಪಿಂಗ್ ಸಾಧನಗಳು ಅದನ್ನು ಬೇಡದ ಕಡೆಯಲ್ಲೂ, ಪದದ ಕೊನೆಯ ಅರ್ಧಾಕ್ಷರದ ನಂತರವೂ ಸೇರಿಸಿಬಿಡುತ್ತವೆ. ಕಣ್ಣಿಗೆ ಎರಡು ಪದ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ ಬೇರೆ. ಪಿಡಿಎಫ್ ಮಾಡಿದ ಮೇಲಂತೂ ನಕಲಿಸಿ ಅಂಟಿಸಿದ ಕನ್ನಡದಲ್ಲಿ ಒತ್ತುಗಳು ಮಾಯವಾಗುವುದು ಇಂದಿಗೂ ತಪ್ಪಿಲ್ಲ. ಇವು ಸರಿಪಡಿಸಬಹುದಾದ ದೋಷಗಳು. ಎಲ್ಲಿ ಹೋಗಿ ಯಾರಿಗೆ ಹೇಳಬೇಕು ಎಂಬುದಾದರೂ ಇಲ್ಲಿ ಗೊತ್ತಿದೆ.

ಆಸ್ಕಿಯಲ್ಲಿ ಸಿಕ್ಕಿಕೊಂಡಿರುವುದು ನಾಳಿನ ಬರಹವಷ್ಟೇ ಅಲ್ಲ. ತೊಂಬತ್ತರ ದಶಕದಿಂದೀಚೆಗೆ ಅಚ್ಚಾದ ಸಾವಿರಾರು ಕನ್ನಡ ಪುಸ್ತಕಗಳನ್ನು ಯಾರೋ ಕೂತು ಅಕ್ಷರ ಅಕ್ಷರವಾಗಿ ಟೈಪ್ ಮಾಡಿದ್ದಾರೆ. ಆ ಕಡತಗಳು ಹಳೆಯ ಸಿಡಿಗಳಲ್ಲಿ, ಕೆಟ್ಟುಹೋದ ಹಾರ್ಡ್ ಡಿಸ್ಕುಗಳಲ್ಲಿ, ಮುಚ್ಚಿಹೋದ ಡಿಟಿಪಿ ಅಂಗಡಿಗಳಲ್ಲಿ ಸಾಯುತ್ತಿವೆ. ಅದೇ ಪುಸ್ತಕ ಮತ್ತೆ ಬೇಕಾದಾಗ ಅಚ್ಚಾದ ಪ್ರತಿಯನ್ನು ಸ್ಕ್ಯಾನ್ ಮಾಡಿ, ಟೆಸರಾಕ್ಟ್‌ನಂಥ ತಂತ್ರಾಂಶದಿಂದ ಚಿತ್ರ ಓದಿಸಿ, ಅದು ಬೆರೆಸಿಬಿಡುವ ‘ಪ’ ‘ಷ’ಗಳನ್ನು ಮನುಷ್ಯರು ಕೂತು ತಿದ್ದುತ್ತಾರೆ. ಒಮ್ಮೆ ಆಗಿಹೋದ ದುಡಿಮೆಯನ್ನು ಮತ್ತೆ ಮಾಡುವ ಈ ಕೆಲಸ ನೋಡುವಾಗ ನನಗೆ ಸಂಕಟವಾಗುತ್ತದೆ.

ಆಸ್ಕಿಯನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಇವೆ, ಮುಕ್ತವಾಗಿಯೂ ಸಿಗುತ್ತವೆ. ಬಿಡಿ ಕನ್ನಡ ಬರಹವನ್ನು ಅವು ಚೆನ್ನಾಗಿಯೇ ಬದಲಿಸುತ್ತವೆ. ನಡುವೆ ಇಂಗ್ಲಿಷ್ ಪದ ಬಂದರೆ ಅದೂ ಕನ್ನಡದ ತುಂಡುಗಳಾಗಿ ಚೂರಾಗುತ್ತದೆ, ಏಕೆಂದರೆ ಫಾಂಟಿನ ಹೆಸರು ಕಳಚಿದ ಮೇಲೆ ಯಾವ ಪಿ ಇಂಗ್ಲಿಷಿನದು, ಯಾವ ಪಿ ಕಕಾರದ್ದು ಎಂದು ಯಂತ್ರ ಹೇಳಲಾರದು. ಆದ್ದರಿಂದ ಬದಲಿಸಿದ ಮೇಲೆ ಕರಡು ತಿದ್ದಲೇಬೇಕು, ಆ ತಿದ್ದುವಿಕೆಗೆ ಸಂಬಳ ಕೊಡಲೇಬೇಕು. ಪ್ರಕಾಶಕರು, ಅಕಾಡೆಮಿಗಳು, ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಡಿಟಿಪಿಗೆ ಒಪ್ಪಂದ ಮಾಡಿಕೊಳ್ಳುವಾಗ ಅಚ್ಚಿನ ಪಿಡಿಎಫ್ ಜೊತೆಗೆ ಅದೇ ಪುಸ್ತಕದ ಯೂನಿಕೋಡ್ ಪಠ್ಯವನ್ನೂ ಕೇಳಿ ಪಡೆಯಬೇಕು, ಅದಕ್ಕೆ ಪುಟಕ್ಕಿಷ್ಟು ಎಂದು ಬೇರೆ ದರ ನಿಗದಿ ಮಾಡಬೇಕು. ಅನುದಾನ ಕೊಡುವ ಸರ್ಕಾರ ಈ ಷರತ್ತನ್ನು ಅನುದಾನದ ಕಾಗದದಲ್ಲೇ ಬರೆಯಬಹುದು. ಹಳೆಯ ಸಿಡಿಗಳನ್ನು ಓದುವ ಯಂತ್ರಗಳು ಪೇಟೆಯಲ್ಲಿ ಅಪರೂಪವಾಗುತ್ತಿವೆ. ಇಂಥ ಕಡತ ಇಟ್ಟುಕೊಂಡಿರುವ ಲೇಖಕರು, ಅವರ ಮನೆಯವರು, ಅಂಗಡಿಯವರು ಅವನ್ನು ಈ ವರ್ಷವೇ ಹೊರತೆಗೆದು ಪ್ರತಿ ಮಾಡಿಡಲಿ, ಬದಲಿಸುವ ಕೆಲಸ ಆಮೇಲೆ ನಡೆಯಬಹುದು.