ನೂರ್ ಯಾರ ಪೈಕಿ?

ನಮ್ಮ ಬೀದರ ಕಡೆ ಹೊಸ ಹೆಸರೊಂದು ಕಿವಿಗೆ ಬಿದ್ದರೆ, ಅವರು ಏನು ಮಾಡಿದರು ಎಂದು ಕೇಳುವ ಮೊದಲು ಅವರು ಯಾರ ಪೈಕಿ ಎಂದು ಕೇಳುವ ರೂಢಿಯಿದೆ. ಮದುವೆ ಮಾತುಕತೆಗೆ ಈ ಪ್ರಶ್ನೆ ಬೇಕಾದೀತು. ಪುಸ್ತಕ ಓದುವಾಗಲೂ ಅದನ್ನೇ ಹಿಡಿದು ಕೂತರೆ ಏನಾಗುತ್ತದೆ ಎಂಬುದು ಶ್ರಾಬನಿ ಬಸು ಅವರ ‘ಸ್ಪೈ ಪ್ರಿನ್ಸೆಸ್’ ಬಗ್ಗೆ ಬೀದರ, ಭಾಲ್ಕಿ, ಔರಾದಗಳಲ್ಲಿ ಕೇಳಿಬಂದ ಅಭಿಪ್ರಾಯಗಳಿಂದ ತಿಳಿಯುತ್ತದೆ. 2006ರಲ್ಲಿ ಇಂಗ್ಲಿಷಿನಲ್ಲಿ ಬಂದ ಈ ಪುಸ್ತಕ ನೂರ್ ಇನಾಯತ್ ಖಾನ್ ಅವರ ಜೀವನಚರಿತ್ರೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಪರ ಗುಪ್ತಚರಳಾಗಿ ಪ್ಯಾರಿಸಿನಲ್ಲಿ ದುಡಿದು, ಜರ್ಮನರ ಕೈಗೆ ಸಿಕ್ಕು, 1944ರ ಸೆಪ್ಟೆಂಬರ್ 13ರಂದು ಡಚಾವ್ ಶಿಬಿರದಲ್ಲಿ ಕೊಲೆಯಾದ ಹೆಣ್ಣುಮಗಳು ಆಕೆ. ಆಗ ಆಕೆಗೆ 30 ವರ್ಷ. ನಮ್ಮಲ್ಲಿ ಪುಸ್ತಕ ಓದಿದವರು ಕೆಲವರು, ಓದಿದವರಿಂದ ಕಥೆ ಕೇಳಿದವರು ಹಲವರು. ಅಭಿಪ್ರಾಯ ಮಾತ್ರ ಎಲ್ಲರಿಗೂ ಇದೆ.

ಬೀದರ ನಗರದಲ್ಲಿ ಹೆಚ್ಚು ಕೇಳುವ ಮಾತು ‘ಟಿಪ್ಪುವಿನ ರಕ್ತ’ ಎಂಬುದು. ಹುಲಿಯ ವಂಶದವಳು, ಹೆದರಲು ಹೇಗೆ ಸಾಧ್ಯ ಎಂದು ಜನ ಎದೆಯುಬ್ಬಿಸಿ ಹೇಳುತ್ತಾರೆ. ಪುಸ್ತಕದ ಹೆಸರಿನಲ್ಲಿಯೇ ‘ರಾಜಕುಮಾರಿ’ ಕೂತಿರುವುದರಿಂದ ತಪ್ಪು ಬರೀ ಓದುಗರದಲ್ಲ. ಆದರೆ ಆ ಸಂಬಂಧ ಬಂದ ದಾರಿಯನ್ನು ಸ್ವಲ್ಪ ನೋಡಬೇಕು. ನೂರ್ ಅವರ ತಂದೆ ಹಜರತ್ ಇನಾಯತ್ ಖಾನ್ ಬರೋಡದಲ್ಲಿ ಹುಟ್ಟಿದ ಸಂಗೀತಗಾರ, ಸೂಫಿ ಗುರು. ಅವರ ತಾಯಿ ಖತೀಜಾ ಬೀ. ಖತೀಜಾ ಬೀಯವರ ತಂದೆ ಮೌಲಾ ಬಕ್ಷ್ ಮೈಸೂರು ಅರಮನೆಯಲ್ಲಿ ಮನ್ನಣೆ ಪಡೆದು ಬರೋಡದಲ್ಲಿ ಸಂಗೀತ ಶಾಲೆ ಕಟ್ಟಿದವರು. ತಾಯಿ ಖಾಸಿಂ ಬೀ. ಈ ಖಾಸಿಂ ಬೀ ಟಿಪ್ಪು ಸುಲ್ತಾನರ ಮೊಮ್ಮಗಳು ಎಂಬುದು ಆ ಮನೆತನದಲ್ಲಿ ನಡೆದು ಬಂದ ಹೇಳಿಕೆ. ಅಂದರೆ ನಾವು ಕೊಂಡಾಡುವ ಆ ರಕ್ತ ಹರಿದು ಬಂದದ್ದು ಇಬ್ಬರು ಹೆಂಗಸರ ಮೂಲಕ. ಟಿಪ್ಪುವಿನ ಹೆಸರು ಹೇಳುವವರಲ್ಲಿ ಎಷ್ಟು ಮಂದಿಗೆ ಖಾಸಿಂ ಬೀ, ಖತೀಜಾ ಬೀ ಗೊತ್ತು? ಇನ್ನೊಂದು ಮಾತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿಗೆ, 1806ರ ಸಿಪಾಯಿ ದಂಗೆಯ ನಂತರ ಕಲ್ಕತ್ತೆಗೆ ಸಾಗಿಸಿದರು. ಅದೇ ರಕ್ತದವರು ನೂರಾರು ಜನ ಹುಟ್ಟಿ ಬೆಳೆದರು. 1943ರ ಜೂನ್ ತಿಂಗಳ ಒಂದು ರಾತ್ರಿ ಸಣ್ಣ ವಿಮಾನದಿಂದ ಫ್ರಾನ್ಸಿನ ಹೊಲದಲ್ಲಿ ಇಳಿದವಳು ಒಬ್ಬಳೇ. ರಕ್ತದಿಂದಲೇ ಎಲ್ಲ ಆಗುವುದಾದರೆ ಆಕೆಯ ನಿರ್ಧಾರಕ್ಕೆ ಬೆಲೆ ಎಲ್ಲಿ ಉಳಿಯಿತು?

ಭಾಲ್ಕಿಯ ನಿವೃತ್ತ ಮಾಸ್ತರರೊಬ್ಬರು ಇದಕ್ಕೆ ಉಲ್ಟಾ ಪ್ರಶ್ನೆ ಹಾಕಿದರು: “ಟಿಪ್ಪೂನ ಕೊಂದವರ ಸಲುವಾಗಿ ಈಕಿ ಯಾಕ ಸಾಯಬೇಕಿತ್ರೀ?” ಇದು ತೂಕದ ಪ್ರಶ್ನೆ. ನೂರ್ ಬ್ರಿಟಿಷರ ರೇಡಿಯೋ ಹೊತ್ತು ಪ್ಯಾರಿಸಿನಲ್ಲಿ ಅಲೆಯುತ್ತಿದ್ದ 1943ರಲ್ಲಿಯೇ ಬಂಗಾಳದಲ್ಲಿ ಬರಗಾಲದಿಂದ ಲಕ್ಷ ಲಕ್ಷ ಜನ ಸಾಯುತ್ತಿದ್ದರು, ಗಾಂಧೀಜಿ ಬ್ರಿಟಿಷರ ಸೆರೆಯಲ್ಲಿದ್ದರು. ಬಸು ಅವರ ಪುಸ್ತಕದಲ್ಲಿ ಇದಕ್ಕೆ ಅರ್ಧ ಉತ್ತರವಿದೆ. ವಾಯುಪಡೆಯಲ್ಲಿದ್ದಾಗ ನಡೆದ ಸಂದರ್ಶನದಲ್ಲಿ ಅಧಿಕಾರಿಗಳು ಭಾರತದ ವಿಷಯ ಎತ್ತಿದರು. ಯುದ್ಧ ಮುಗಿಯುವವರೆಗೆ ನಿಮ್ಮ ಜೊತೆ, ಮುಗಿದ ಮೇಲೆ ಭಾರತದ ಸ್ವಾತಂತ್ರ್ಯದ ಜೊತೆ ಎಂಬ ಅರ್ಥದ ಉತ್ತರ ಕೊಟ್ಟು ಆಕೆ ಹೊರಬಂದಳು. ಹಾಗೆ ಹೇಳಿದರೆ ತನಗೆ ನಷ್ಟ ಎಂಬುದು ಆಕೆಗೆ ಗೊತ್ತಿತ್ತು. ಆದರೂ ಬಚ್ಚಿಡಲಿಲ್ಲ. ಪ್ಯಾರಿಸ್ ಆಕೆ ಬೆಳೆದ ಊರು. 1940ರ ಜೂನ್‌ನಲ್ಲಿ ಆ ಊರು ಜರ್ಮನರ ಪಾಲಾದಾಗ ಮನೆಯವರೊಂದಿಗೆ ಓಡಿ ಇಂಗ್ಲೆಂಡಿಗೆ ಬಂದವಳು. ಯಹೂದಿಗಳನ್ನು ಹುಡುಕಿ ಹುಡುಕಿ ಸಾಗಿಸುತ್ತಿದ್ದವರ ಎದುರು ಸುಮ್ಮನಿರುವುದು ಅಹಿಂಸೆಯೋ, ಹೇಡಿತನವೋ ಎಂದು ಅಕ್ಕ ತಮ್ಮ ತಲೆಕೆಡಿಸಿಕೊಂಡ ಪುಟಗಳು ಪುಸ್ತಕದ ಒಳ್ಳೆಯ ಭಾಗ. ಇಲ್ಲಿ ನೂರ್ ಹಿರಿಯಳು, ವಿಲಾಯತ್ ತಮ್ಮ ಎಂಬುದನ್ನೂ ಹೇಳಬೇಕು. ಏಕೆಂದರೆ ಆ ನಿರ್ಧಾರದಲ್ಲಿ ಆಕೆ ಹಿಂದೆ ನಿಂತವಳಲ್ಲ.

ಮಾಸ್ತರರ ಪ್ರಶ್ನೆಯ ಹಿಂದೆ ಇನ್ನೊಂದು ನೆರಳಿದೆ. ನಮ್ಮ ಜಿಲ್ಲೆಯಲ್ಲಿ ‘ಜಾಸೂಸ್’, ‘ಮುಖ್ಬಿರ್’ ಎಂಬವು ಸಿನಿಮಾದ ಶಬ್ದಗಳಲ್ಲ. ನಿಜಾಮರ ಸಂಸ್ಥಾನದಲ್ಲಿದ್ದ ಈ ನಾಡು ರಜಾಕಾರರ ಹಾವಳಿಯನ್ನೂ ಕಂಡಿತು, 1948ರ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನೂ ಕಂಡಿತು. ಸುಂದರಲಾಲ್ ಸಮಿತಿ ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ಬೀದರವನ್ನೂ ಸೇರಿಸಿತ್ತು. ಗುಟ್ಟಾಗಿ ಕೆಲಸ ಮಾಡುವವನೆಂದರೆ ಯಾರನ್ನೋ ಹಿಡಿದುಕೊಡುವವನು ಎಂಬ ಭಯ ಹಿರಿಯರಲ್ಲಿ ಉಳಿದಿದ್ದರೆ ಆಶ್ಚರ್ಯವಿಲ್ಲ. ಆದರೆ ಗುಟ್ಟಿಗೆ ಇನ್ನೊಂದು ಮುಖವೂ ಭಾಲ್ಕಿಯಲ್ಲೇ ಇದೆ. ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ್ದನ್ನು ಜಿಲ್ಲೆಯ ಜನ ಇಂದಿಗೂ ಹೇಳುತ್ತಾರೆ. ಆ ಮರೆಯನ್ನು ಯಾರೂ ಮೋಸ ಎನ್ನುವುದಿಲ್ಲ. ಯಾವುದನ್ನು ಉಳಿಸಲು ಮರೆಮಾಡಿದರು ಎಂದು ನೋಡುತ್ತಾರೆ. ನೂರ್‌ಗೂ ಅದೇ ತಕ್ಕಡಿ ಇರಲಿ.

ಮೂರನೆಯ ಅಭಿಪ್ರಾಯ ನಮ್ಮವರದೇ. ಹುಟ್ಟಿದ್ದು ಮಾಸ್ಕೋದಲ್ಲಿ, ತಾಯಿ ಅಮೆರಿಕದವರು, ಕಲಿತದ್ದು ಪಾಶ್ಚಾತ್ಯ ಸಂಗೀತ, 1939ರಲ್ಲಿ ಮಕ್ಕಳಿಗಾಗಿ ಪ್ರಕಟಿಸಿದ ಪುಸ್ತಕ ಬುದ್ಧನ ಜಾತಕ ಕಥೆಗಳದು. ಇಂಥವಳನ್ನು ಮುಸ್ಲಿಂ ಹೆಣ್ಣುಮಗಳು ಎಂದು ತೋರಿಸುವುದು ಹೇಗೆ ಎಂದು ಕೆಲವರು ಮೂಗು ಮುರಿಯುತ್ತಾರೆ. ಆಕೆಯ ತಂದೆಗೆ ದೀಕ್ಷೆ ಸಿಕ್ಕಿದ್ದು ನಮ್ಮ ಹೈದರಾಬಾದಿನಲ್ಲಿ, ಚಿಷ್ತಿ ಪರಂಪರೆಯ ಅಬು ಹಾಶಿಂ ಮದನಿಯವರಿಂದ. ಅಷ್ಟೂರಿನಲ್ಲಿ ಅಹಮದ್ ಶಾ ವಲಿಯ ಉರುಸಿಗೆ ಜಂಗಮರು ಬಂದು ನಿಲ್ಲುವುದನ್ನು ಪ್ರತಿವರ್ಷ ನೋಡುವ ನಾವು, ಸೂಫಿಯ ಮಗಳೊಬ್ಬಳು ಜಾತಕ ಕಥೆ ಬರೆದಳೆಂದು ಬೆರಗಾಗುವುದೇ ಬೆರಗಿನ ಸಂಗತಿ.

ನಾಲ್ಕನೆಯ ಟೀಕೆಯನ್ನು ಮಾತ್ರ ಸುಲಭಕ್ಕೆ ತಳ್ಳಿಹಾಕಲಾಗದು. ಆಕೆ ಒಳ್ಳೆಯ ಗುಪ್ತಚರಳೇ ಅಲ್ಲ ಎನ್ನುವವರಿದ್ದಾರೆ. ಬಸು ಇದನ್ನು ಮುಚ್ಚಿಟ್ಟಿಲ್ಲ. ಎರಡು ನಾಲಗೆಯ ಕೆಲಸ ಈಕೆಗೆ ಒಗ್ಗುವುದಿಲ್ಲ ಎಂದು ತರಬೇತಿ ಕೊಟ್ಟವರೇ ಬರೆದಿದ್ದರು. ಕಳುಹಿಸಿದ ಸಂದೇಶಗಳನ್ನೆಲ್ಲ ಆಕೆ ಒಂದು ನೋಟುಬುಕ್ಕಿನಲ್ಲಿ ಇಟ್ಟುಕೊಂಡಿದ್ದಳು. ಮೇಲಿನವರ ಸೂಚನೆಯನ್ನು ತಪ್ಪಾಗಿ ತಿಳಿದದ್ದು ಕಾರಣವಿರಬೇಕು ಎನ್ನುತ್ತಾರೆ ಲೇಖಕಿ. ಸೆರೆಸಿಕ್ಕಾಗ ಆ ಪುಸ್ತಕವೂ ಸಿಕ್ಕಿತು. ಜರ್ಮನರು ಆಕೆಯ ಹೆಸರಿನಲ್ಲಿ ಲಂಡನ್ನಿಗೆ ಸುಳ್ಳು ಸಂದೇಶ ಕಳುಹಿಸಿದರು. ಅದನ್ನು ನಂಬಿ ಕಳುಹಿಸಿದ ಹಲವರು ಇಳಿದದ್ದೇ ಜರ್ಮನರ ಕೈಗೆ, ಸತ್ತರು. ಇದು ಭಾರವಾದ ಸತ್ಯ. ಲಂಡನ್ನಿನವರು ಎಚ್ಚರಿಕೆಯ ಗುರುತುಗಳನ್ನು ಕಡೆಗಣಿಸಿದರು ಎಂಬುದೂ ಅಷ್ಟೇ ಸತ್ಯ.

ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ತೆರೆಯಬೇಕು. ಆಕೆ ಹೋದ ಕೆಲವೇ ದಿನಗಳಲ್ಲಿ ಅವರ ಜಾಲವೇ ಮುರಿದುಬಿತ್ತು. ವಾಪಸು ಬಾ ಎಂದು ಲಂಡನ್ ಹೇಳಿತು. ಆಕೆ ಹೋಗಲಿಲ್ಲ. ಪ್ಯಾರಿಸಿನಲ್ಲಿ ಆ ಜಾಲದ ರೇಡಿಯೋ ನಡೆಸಲು ಬೇರೆ ಯಾರೂ ಉಳಿದಿರಲಿಲ್ಲ. ಭಾರದ ಯಂತ್ರವನ್ನು ಸೂಟ್‌ಕೇಸಿನಲ್ಲಿ ಹೊತ್ತು, ಸಂದೇಶ ಹಿಡಿಯುವ ಜರ್ಮನ್ ವ್ಯಾನುಗಳು ಬರುವ ಮುಂಚೆ ಮನೆಯಿಂದ ಮನೆಗೆ ಜಾಗ ಬದಲಿಸುತ್ತಾ ಅಕ್ಟೋಬರ್‌ವರೆಗೆ ಕೆಲಸ ಮಾಡಿದಳು. ಅಂಥ ಕೆಲಸದವರು ಆರು ವಾರ ಉಳಿದರೆ ಹೆಚ್ಚು ಎನ್ನುತ್ತಿದ್ದ ಕಾಲ ಅದು. ಹಿಡಿದವರು ವಾರಗಟ್ಟಲೆ ಕೇಳಿದರೂ ಸಂಗಾತಿಗಳ ಹೆಸರು ಹೇಳಲಿಲ್ಲ. ಎರಡು ಸಲ ತಪ್ಪಿಸಿಕೊಳ್ಳಲು ನೋಡಿದಳು. ಎರಡನೆಯ ಸಲ ಸಿಕ್ಕಮೇಲೆ, ಇನ್ನು ಓಡುವುದಿಲ್ಲ ಎಂದು ಮಾತು ಕೊಡು ಎಂದರು. ಆಕೆ ಕೊಡಲಿಲ್ಲ. ಅದಕ್ಕೆ ಶಿಕ್ಷೆಯಾಗಿ ಜರ್ಮನಿಯ ಫೋರ್ಟ್ಸ್‌ಹೈಮ್ ಜೈಲಿನ ಒಂಟಿ ಕೋಣೆಯಲ್ಲಿ ಕೈಕಾಲಿಗೆ ಸರಪಳಿ ಬಿಗಿದು ಸುಮಾರು ಹತ್ತು ತಿಂಗಳು ಇಟ್ಟರು.

ಇಲ್ಲಿಯೇ ಪುಸ್ತಕದ ಜೀವವಿದೆ ಎಂದು ನನ್ನ ತಿಳಿವಳಿಕೆ. ಮಾತು ಕೊಟ್ಟು ಆಮೇಲೆ ಮುರಿಯಬಹುದಿತ್ತಲ್ಲ? ಜಾಣ ಗುಪ್ತಚರ ಹಾಗೆಯೇ ಮಾಡುತ್ತಿದ್ದ. ಸುಳ್ಳು ಹೇಳಲು ಬರುವುದಿಲ್ಲ ಎಂದು ತರಬೇತಿದಾರರು ಬರೆದ ಕುಂದೂ, ಸರಪಳಿಯಲ್ಲಿ ಆಕೆಯನ್ನು ನೆಟ್ಟಗೆ ನಿಲ್ಲಿಸಿದ ಗುಣವೂ ಒಂದೇ. ನೋಟುಬುಕ್ಕಿನ ತಪ್ಪನ್ನು ಎತ್ತಿ ಆಡುವವರಿಗೂ, ಟಿಪ್ಪುವಿನ ರಕ್ತ ಎಂದು ಹಾಡುವವರಿಗೂ ಈ ಮನುಷ್ಯಳು ಕಾಣುವುದಿಲ್ಲ. ಲೇಖಕಿ ಕಾಗದಪತ್ರಗಳನ್ನು ಚೆನ್ನಾಗಿ ಜೋಡಿಸಿದ್ದಾರೆ, ಆದರೆ ಈ ಎರಡು ತುದಿಗಳನ್ನು ಇನ್ನೂ ಗಟ್ಟಿಯಾಗಿ ಕಟ್ಟಬೇಕಿತ್ತು.

ಔರಾದದ ಕಾಲೇಜು ಹುಡುಗಿಯೊಬ್ಬಳ ಪ್ರಶ್ನೆ ಎಲ್ಲಕ್ಕಿಂತ ಬೇರೆಯಾಗಿತ್ತು. ವಂಶ, ಧರ್ಮ, ದೇಶ ಯಾವುದೂ ಅವಳಿಗೆ ಬೇಡ. “ಅಮ್ಮಗ ಹೇಳಿ ಹೋದಳೇನ್ರೀ?” ಎಂದಳು. ಹೇಳಲಿಲ್ಲ. ಆಫ್ರಿಕಾದಲ್ಲಿ ಕೆಲಸ ಎಂದು ನಂಬಿಸಿ ಹೋದಳು. ಆಕೆಗೆ ಎಲ್ಲಕ್ಕಿಂತ ಕಷ್ಟವಾದ ಸುಳ್ಳು ಅದೇ ಎಂದು ಪುಸ್ತಕ ಓದಿದರೆ ತಿಳಿಯುತ್ತದೆ.

ಬ್ರಿಟನ್ 1949ರಲ್ಲಿ ಆಕೆಗೆ ಜಾರ್ಜ್ ಕ್ರಾಸ್ ಕೊಟ್ಟಿತು, ಫ್ರಾನ್ಸ್ ತನ್ನ ಪದಕ ಕೊಟ್ಟಿತು, 2012ರಲ್ಲಿ ಲಂಡನ್ನಿನ ಗಾರ್ಡನ್ ಸ್ಕ್ವೇರಿನಲ್ಲಿ ಪ್ರತಿಮೆ ನಿಂತಿತು. ನಾವೂ ಆಕೆಯನ್ನು ಪದಕದಂತೆ ಎದೆಗೆ ಸಿಕ್ಕಿಸಿಕೊಂಡು, ನೋಡಿ ನಮ್ಮವರೂ ನಿಷ್ಠರು ಎಂದು ಯಾರಿಗೋ ರುಜುವಾತು ಕೊಡಲು ಹೊರಟರೆ ಅದು ಆಕೆಗೆ ಮಾಡುವ ಗೌರವವಲ್ಲ. ತನ್ನ ನಿಷ್ಠೆ ಎಲ್ಲಿಯವರೆಗೆ ಎಂದು ಅಧಿಕಾರಿಗಳ ಮುಖಕ್ಕೇ ಹೇಳಿ ಬಂದವಳು ಆಕೆ. ಔರಾದದ ಆ ಹುಡುಗಿ ಪುಸ್ತಕ ಕೇಳಿ ಪಡೆದು ಓದುತ್ತಿದ್ದಾಳೆ. ಇಂಗ್ಲಿಷ್ ಕಷ್ಟವಾದ ಕಡೆ ನಿಘಂಟು ತೆಗೆಯುತ್ತಾಳಂತೆ. ಆಕೆ ಓದಿ ಮುಗಿಸಿ ಹೇಳುವ ಅಭಿಪ್ರಾಯಕ್ಕೆ ನಾನು ಕಾದಿದ್ದೇನೆ.