ಯಾರ ತಾಟು, ಯಾರ ಬಟ್ಟೆ?

ಶರಣ ಸಿದ್ಧರಾಮ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೋಲಾಪುರದಲ್ಲಿ, ಕೆರೆ ಕಟ್ಟಿಸಿದ ಕಾಲದಲ್ಲಿ ಕುಂಭಾರಿ ಸೀಮೆಯ ಒಕ್ಕಲು ಮನೆಯಲ್ಲಿ ಏನು ಉಣ್ಣುತ್ತಿದ್ದರು, ಏನು ಉಡುತ್ತಿದ್ದರು? ಹನ್ನೆರಡನೆಯ ಶತಮಾನದ ಬದುಕನ್ನು ಕೈಯಾರೆ ಮಾಡಿ ನೋಡುವ ಹಂಬಲ ಇದ್ದವರು ಮೊದಲು ಸೋಲಾಪುರದ ತಾಟು ಬರಿದು ಮಾಡಬೇಕು. ನಮ್ಮ ಹೆಸರುವಾಸಿ ಶೇಂಗಾ ಚಟ್ನಿಯನ್ನೇ ಮೊದಲು ತೆಗೆಯಬೇಕು. ಮೆಣಸಿನಕಾಯಿ, ಟೊಮೆಟೊ, ಬಟಾಟೆ, ಗೋವಿನಜೋಳ ಎಲ್ಲವೂ ಹೋಗಬೇಕು. 1498ರಲ್ಲಿ ಪೋರ್ಚುಗೀಸರ ಹಡಗು ಕಲ್ಲಿಕೋಟೆ ಮುಟ್ಟಿದ ಮೇಲೆ ಅಮೆರಿಕದಿಂದ ಬಂದ ಬೆಳೆಗಳಿವು. ಕುಂಭಾರಿಯ ಗೋದುತಾಯಿ ಪರುಳೇಕರ ವಸಾಹತಿನಲ್ಲಿ ಬೀಡಿ ಕಟ್ಟುವ ತಾಯಂದಿರ ಮೊರದಲ್ಲಿನ ತಂಬಾಕೂ ಅದೇ ದಾರಿ ಹಿಡಿದು ಬಂದದ್ದು.

ಹಾಗೆಂದು ಉಳಿಯುವ ತಾಟು ಬಡವಲ್ಲ. ಜೋಳದ ರೊಟ್ಟಿ, ತೊಗರಿ, ಹುರುಳಿ, ಬದನೆಕಾಯಿ, ಹುಣಸೆ, ಎಳ್ಳು, ಮಜ್ಜಿಗೆ ಉಳಿಯುತ್ತವೆ. ಎಣ್ಣೆಗಾಯಿಗೆ ಹುರಿದ ಎಳ್ಳು, ಕರಿಮೆಣಸು, ಶುಂಠಿ ಕುಟ್ಟಿ ತುಂಬಿ ಕುಸುಬಿ ಎಣ್ಣೆಯಲ್ಲಿ ಬೇಯಿಸಿ ನೋಡಿ. ಬಣ್ಣ ಮಂಕಾದರೂ ರುಚಿ ಗಟ್ಟಿ.

ಈ ಹವ್ಯಾಸದವರು ಎಡವುವುದು ಪುಸ್ತಕ ಹಿಡಿದಾಗ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ (1129ರ ಸುಮಾರು) ದೊಡ್ಡ ನಿಧಿ. ಉದ್ದಿನ ಹಿಟ್ಟಿನಿಂದ ಮಾಡಿ ಇಂಗು, ಜೀರಿಗೆ, ಮೆಣಸು ಬೆರೆಸುವ ‘ಇಡ್ಡರಿಕೆ’ ಅದರಲ್ಲಿದೆ. ಆದರೆ ಅದು ಅರಸನ ತಾಟು. ಅದನ್ನು ರೈತನ ಮುಂದಿಟ್ಟು ‘ಚಾಲುಕ್ಯರ ಕಾಲದ ಊಟ’ ಎನ್ನುವುದನ್ನು ನಾನು ಒಪ್ಪಲಾರೆ. ಅದಕ್ಕೂ ನೂರು ವರ್ಷ ಹಿಂದಿನ, ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ ಕನ್ನಡದಲ್ಲೇ ಇದೆ, ಜನರ ಬದುಕಿಗೆ ಇನ್ನಷ್ಟು ಹತ್ತಿರ. ದುಡಿಯುವವನ ತಾಟಿಗೆ ಸಾಕ್ಷಿ ಬೇಕೆಂದರೆ ಕಾವ್ಯದಲ್ಲೂ ಸಿಗುತ್ತದೆ: ಒಡೆಯನ ಅನ್ನದ ಋಣಕ್ಕೆ ಪಂಪನ ಕಾಲದಲ್ಲೇ ‘ಜೋಳದ ಪಾಳಿ’ ಎಂಬ ಮಾತಿತ್ತು. ಕಾಳಗದ ಆಳು ಜೋಳ ಉಂಡವನು.

ಬಟ್ಟೆಯ ಮಾತು ಇನ್ನೂ ತೊಡಕಿನದು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಏಳು ನಂದಿಕೋಲುಗಳ ಜೊತೆ ಬಿಳಿ ಬಾರಾಬಂದಿ ತೊಟ್ಟವರು ಸಾಗಿಬರುವಾಗ ಎದೆ ತುಂಬಿ ಬರುತ್ತದೆ. ಆದರೂ ಕಸೆ ಕಟ್ಟುವ ಆ ಹೊಲಿದ ಅಂಗಿಯನ್ನು ಸಿದ್ಧರಾಮನ ಕಾಲಕ್ಕೆ ಒಯ್ಯಬಾರದು. ಚಾಲುಕ್ಯರ ಗುಡಿಗಳಲ್ಲಿ, ವೀರಗಲ್ಲುಗಳಲ್ಲಿ ಕಾಣುವುದು ಹೆಚ್ಚಾಗಿ ಸೊಂಟಕ್ಕೆ ಸುತ್ತಿ ಬಿಗಿದ, ಹೊಲಿಯದ ಬಟ್ಟೆ.

ಕಲ್ಲು ಬಣ್ಣ ಹೇಳುವುದಿಲ್ಲ. ಬಣ್ಣ ಹೊಲದಲ್ಲಿದೆ. ಹಿಂಗಾರಿ ಜೋಳದ ಸುತ್ತ ದನ ನುಗ್ಗದಂತೆ ಹಾಕುವ ಮುಳ್ಳು ಕುಸುಬಿ ಎಣ್ಣೆಗಷ್ಟೇ ಅಲ್ಲ, ಬಟ್ಟೆಗೂ ಒದಗಿದ ಬೆಳೆ. ಎಸಳುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತಣ್ಣೀರಲ್ಲಿ ಹಿಸುಕುತ್ತ ಹೋದರೆ ಮೊದಲು ಹಳದಿ ಬಿಡುತ್ತದೆ. ನೂಲು ಬಟ್ಟೆಗೆ ಅದು ನಿಲ್ಲದ ಬಣ್ಣ, ಚೆಲ್ಲಿಬಿಡಿ. ನೀರು ತಿಳಿಯಾಗುವವರೆಗೆ ಬೇಸರಿಸಬೇಡಿ. ಆಮೇಲೆ ಸೋಸಿದ ಬೂದಿನೀರಿನಲ್ಲಿ ಅದ್ದಿಟ್ಟರೆ ಅಡಗಿದ್ದ ಕೆಂಪು ಕಂದಾಗಿ ಇಳಿಯುತ್ತದೆ. ಅದಕ್ಕೆ ನಿಂಬೆರಸ ಹಿಂಡಿದ ಗಳಿಗೆಗೆ ಪಾತ್ರೆಯ ನೀರೆಲ್ಲ ಕಡುಗೆಂಪು! ಬಿಳಿ ಅರಿವೆ ಅದರಲ್ಲಿ ಮೊದಲು ತಿಳಿಗುಲಾಬಿಯಾಗಿ, ಮತ್ತೆ ಮತ್ತೆ ಅದ್ದಿದಂತೆ ಕೆಂಪೇರುತ್ತದೆ. ಒಲೆಯ ಮೇಲೆ ಮಾತ್ರ ಇಡಬೇಡಿ, ಕಾವಿಗೆ ಈ ಕೆಂಪು ಕೆಡುತ್ತದೆ. ಬಿಸಿಲಿಗೂ ಬೇಗ ಮಾಸುತ್ತದೆ, ನೆರಳಲ್ಲೇ ಒಣಗಿಸಿ.

ಹೂ ಕೀಳುವವರು ಹೊಲದವರನ್ನು ಮೊದಲೇ ಕೇಳಿಡಿ. ಕಾಳು ಕಟ್ಟಿದ ಮೇಲೆ, ಹಳದಿ ಹೋಗಿ ಕೆಂಪಗೆ ಒಣಗುತ್ತಿರುವ ಎಸಳನ್ನಷ್ಟೇ ತೆಗೆದರೆ ಅವರ ಎಣ್ಣೆಕಾಳಿಗೆ ನಷ್ಟವಿಲ್ಲ. ಕೈಗೆ ದಪ್ಪ ಅರಿವೆ ಸುತ್ತಿಕೊಂಡೇ ಹೊಲಕ್ಕಿಳಿಯಿರಿ.