ಉಂಡ ಮನೆಯಲ್ಲೇ ಎದುರು ಪ್ರಶ್ನೆ

ಒಂದೇ ಮನೆಯ ಬಗ್ಗೆ ಅಮ್ಮ ಒಂದು ಪುಸ್ತಕ ಬರೆದಿದ್ದಾರೆ, ಮಗ ಇನ್ನೊಂದು ಬರೆದಿದ್ದಾರೆ. ಅಮ್ಮ ಈಡಿತ್ ಶೇಫರ್ ಬರೆದ ‘ಲಾಬ್ರಿ’ ಬಂದಿದ್ದು 1969ರಲ್ಲಿ. ಮಗ ಫ್ರಾಂಕ್ ಶೇಫರ್ ಬರೆದ ‘ಕ್ರೇಜಿ ಫಾರ್ ಗಾಡ್’ ಬಂದಿದ್ದು 2007ರಲ್ಲಿ. ನಡುವೆ 38 ವರ್ಷ. ಅಮ್ಮನ ಪುಸ್ತಕದಲ್ಲಿ ಆ ಮನೆ ನಡೆಸೋದು ದೇವರು. ಮಗನ ಪುಸ್ತಕದಲ್ಲಿ ಆ ಮನೆ ನಡೆಸೋದು ನಿದ್ದೆಗೆಟ್ಟ ಅಮ್ಮ, ಸಿಟ್ಟಿನ ಅಪ್ಪ. ಎರಡನ್ನೂ ಒಂದರ ಹಿಂದೊಂದು ಓದಿದ ಮೇಲೆ ‘ಯಾರು ಹೇಳ್ತಿರೋದು ನಿಜ?’ ಅನ್ನೋ ಪ್ರಶ್ನೆ ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಬೇರೆಯದು. ಹುಡುಗರಿಗೆ ಊಟ ಹಾಕಿ ಅವರ ಬದುಕು ತಿದ್ದೋಕೆ ಹೊರಡೋದು ಎಷ್ಟರ ಮಟ್ಟಿಗೆ ಸರಿ?

ಮೊದಲು ಕತೆ. ಫ್ರಾನ್ಸಿಸ್ ಶೇಫರ್ ಅಮೆರಿಕದ ಪ್ರೆಸ್ಬಿಟೇರಿಯನ್ ಪಾದ್ರಿ. 1948ರಲ್ಲಿ ಹೆಂಡತಿ ಮಕ್ಕಳ ಜತೆ ಮಿಷನರಿಯಾಗಿ ಸ್ವಿಟ್ಜರ್ಲೆಂಡಿಗೆ ಬಂದರು. ಆಮೇಲೆ ಶಾಂಪೆರಿ ಅನ್ನೋ ಹಳ್ಳಿಯಲ್ಲಿ ನೆಲೆಸಿದರು. ಅದು ಕ್ಯಾಥೊಲಿಕರ ಸೀಮೆ. ಊರಿನ ಗಣ್ಯರೊಬ್ಬರು ಇವರ ಮಾತಿಗೆ ಒಲಿದರು, ಆಡಳಿತಕ್ಕೆ ಕೋಪ ಬಂತು. 1955ರ ಫೆಬ್ರವರಿಯಲ್ಲಿ ‘ಊರಿನ ಮೇಲೆ ಧಾರ್ಮಿಕ ಪ್ರಭಾವ ಬೀರಿದ್ದೀರಿ, ಜಾಗ ಖಾಲಿ ಮಾಡಿ’ ಅಂತ ಆದೇಶವೇ ಬಂತು. ಗಡುವು ಮಾರ್ಚ್ ಕೊನೆ. ಮನೆಯಲ್ಲಿ ಪೋಲಿಯೋ ಆಗಿದ್ದ ಪುಟ್ಟ ಮಗ, ಕೈಯಲ್ಲಿ ದುಡ್ಡಿಲ್ಲ. ಕೊನೆಗೆ ಪಕ್ಕದ ಪ್ರಾಟೆಸ್ಟೆಂಟ್ ಸೀಮೆಯ ಯುಎಮೋ ಅನ್ನೋ ಬೆಟ್ಟದ ಹಳ್ಳಿಯಲ್ಲಿ ಒಂದು ಮರದ ಮನೆ ಸಿಕ್ಕಿತು. ಅದಕ್ಕೆ ಇಟ್ಟ ಹೆಸರು ಲಾಬ್ರಿ. ಫ್ರೆಂಚಿನಲ್ಲಿ ಆಸರೆ ಅಂತ ಅರ್ಥ.

ಹಿರಿ ಮಗಳು ಲೋಜಾನ್ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದಳು. ವಾರದ ಕೊನೆಗೆ ಮನೆಗೆ ಬರುವಾಗ ಜತೆಗೆ ಓದುವವರನ್ನೂ ಕರ್ಕೊಂಡು ಬರೋಳು. ಶುರುವಾಗಿದ್ದು ಇಷ್ಟರಿಂದಲೇ. ಬಂದವರು ಊಟ ಮಾಡ್ತಿದ್ದರು, ಬೆಂಕಿಯ ಮುಂದೆ ಕೂತು ಮಧ್ಯರಾತ್ರಿ ದಾಟೋವರೆಗೂ ಪ್ರಶ್ನೆ ಕೇಳ್ತಿದ್ದರು. ದೇವರು ಇದ್ದಾನೆ ಅನ್ನೋಕೆ ಏನು ಆಧಾರ? ಇದ್ದರೆ ಯುದ್ಧದಲ್ಲಿ ಅಷ್ಟು ಜನ ಯಾಕೆ ಸತ್ತರು? ಚರ್ಚಿನಲ್ಲಿ ಇಂಥ ಪ್ರಶ್ನೆ ಕೇಳಿದರೆ ‘ಪ್ರಾರ್ಥನೆ ಮಾಡು, ಸರಿಹೋಗುತ್ತೆ’ ಅನ್ನೋ ಕಾಲ. ಇಲ್ಲಿ ಒಬ್ಬ ಪಾದ್ರಿ ಸಾರ್ತ್ರ್, ಕಮೂ, ಪಿಕಾಸೋ ಹೆಸರು ತೆಗೆದು ಸರಿಸಮಕ್ಕೆ ಕೂತು ವಾದ ಮಾಡ್ತಿದ್ದ. ಹುಡುಗರು ಗುಂಪು ಕಟ್ಟಿಕೊಂಡು ಬಂದರು. 1960ರಲ್ಲಿ ‘ಟೈಮ್’ ಪತ್ರಿಕೆ ಬರೆಯಿತು. ಅರವತ್ತರ ದಶಕದ ಕೊನೆಗೆ ಉದ್ದ ಕೂದಲು, ಬೆನ್ನಿಗೊಂದು ಚೀಲ, ಜೇಬಿನಲ್ಲಿ ಗಾಂಜಾ ಇಟ್ಟುಕೊಂಡವರೂ ಬೆಟ್ಟ ಹತ್ತಿದರು.

ಈಡಿತ್ ಅವರ ಬರವಣಿಗೆಯಲ್ಲಿ ಒಂದು ಜೋರು ಇದೆ. ಮನೆಗೆ ಮುಂಗಡ ಕಟ್ಟೋಕೆ ದುಡ್ಡಿಲ್ಲದಾಗ ಅಮೆರಿಕದಿಂದ ಕಾಗದದೊಳಗೆ 1000 ಡಾಲರ್ ಬರುವ ಪ್ರಸಂಗ ಓದುವಾಗ ನಂಬದವನಿಗೂ ಮೈ ಜುಂ ಅನ್ನುತ್ತೆ. ಯಾರ ಹತ್ತಿರವೂ ಕೈ ಚಾಚಬಾರದು, ಬೇಕಾದ್ದನ್ನು ದೇವರಲ್ಲೇ ಕೇಳಬೇಕು ಅನ್ನೋದು ಆ ಮನೆಯ ನಿಯಮ. ಆದರೆ ಪುಸ್ತಕದ ದೋಷವೂ ಅಲ್ಲೇ ಇದೆ. ಕಷ್ಟ ಬರುತ್ತೆ, ಪ್ರಾರ್ಥನೆ ನಡೆಯುತ್ತೆ, ಕಾಗದ ಬರುತ್ತೆ. ಹತ್ತು ಸಲ ಹೀಗಾದ ಮೇಲೆ ಹನ್ನೊಂದನೇ ಸಲ ಪುಟ ತಿರುಗಿಸೋ ಮೊದಲೇ ನಮಗೆ ಗೊತ್ತಿರುತ್ತೆ. ಬಂದು, ಉಂಡು, ವಾದ ಮಾಡಿ, ಕೊನೆಗೂ ನಂಬದೆ ಎದ್ದುಹೋದವರ ಮುಖ ನಮ್ಮ ಮನಸ್ಸಿನಲ್ಲಿ ಉಳಿಯೋದಿಲ್ಲ. ನನಗೆ ಬೇಕಾಗಿದ್ದು ಅವರ ಕತೆ.

ಯಾಕಂದ್ರೆ, ಉಂಡ ಮನೆಗೆ ಎರಡು ಬಗೆಯಬಾರದು ಅಂತ ಕಲಿತು ಬೆಳೆದವರು ನಾವು. ಊರುಕಡೆಯಿಂದ ಬಂದವರಿಗೆ ಇದು ಬರೀ ಗಾದೆಯಲ್ಲ, ಗಂಟಲಲ್ಲೇ ಕೂತಿರೋ ಮಾತು. ಬಿಇ ಓದುವಾಗ ನನ್ನ ರೂಮ್‌ಮೇಟ್ ಭಾನುವಾರ ಮಧ್ಯಾಹ್ನ ಒಂದು ಕ್ರೈಸ್ತ ಕುಟುಂಬದ ಮನೆಗೆ ಊಟಕ್ಕೆ ಹೋಗ್ತಿದ್ದ. ಹಾಸ್ಟೆಲಿನ ನೀರು ಸಾರಿನಿಂದ ಬಿಡುಗಡೆ. ಆ ಅಂಕಲ್, ಆಂಟಿ ನಿಜಕ್ಕೂ ಒಳ್ಳೆಯವರು. ಸೆಮಿಸ್ಟರ್‌ನಲ್ಲಿ ಸಬ್ಜೆಕ್ಟ್ ಹೋದಾಗ ಕೂರಿಸಿಕೊಂಡು ಧೈರ್ಯ ಹೇಳಿದವರು, ಜ್ವರ ಬಂದಾಗ ಗಂಜಿ ಕಳಿಸಿದವರು. ಊಟದ ನಂತರ ಅರ್ಧ ಗಂಟೆ ಬೈಬಲ್ ಓದು. ಒಂದು ದಿನ ಅವನನ್ನೇ ಕೇಳಿದೆ, “ನಿಂಗೆ ಅದರಲ್ಲಿ ನಂಬಿಕೆ ಇದೆಯೇನೋ?” ಅವನು ಹೇಳಿದ, “ಇನ್ನೂ ಗೊತ್ತಿಲ್ಲ ಮಾರಾಯ. ಆದ್ರೆ ಅವರ ಅನ್ನ ತಿಂದು ಇಲ್ಲ ಅನ್ನೋದು ಹ್ಯಾಗೆ?” ಅವರು ಅವನನ್ನು ಒಂದು ದಿನವೂ ಒತ್ತಾಯ ಮಾಡಿರಲಿಲ್ಲ. ಒತ್ತಾಯ ಮಾಡ್ತಿದ್ದುದು ಅನ್ನ.

ಇದೇನು ಕ್ರೈಸ್ತರಿಗೆ ಮಾತ್ರ ಅಂಟಿದ ಸಮಸ್ಯೆಯಲ್ಲ. ನಮ್ಮಲ್ಲಿ ವಾರಾನ್ನ ಇತ್ತು. ದಿನಕ್ಕೊಂದು ಮನೆಯಲ್ಲಿ ಉಂಡು ಓದಿ ದೊಡ್ಡವರಾದವರ ಕತೆ ಹೇಳಿ ಈಗಲೂ ಹೆಮ್ಮೆ ಪಡುತ್ತೇವೆ. ಆದರೆ ಆ ಬಾಗಿಲು ತೆರೀತಿದ್ದುದು ಜಾತಿ ಗೊತ್ತಾದ ಮೇಲೆ. ಉಣ್ಣೋ ಹುಡುಗ ಮನೆಯ ಯಜಮಾನನಿಗೆ ಎದುರು ಮಾತಾಡೋದಂತೂ ದೂರದ ಮಾತು. ಲಾಬ್ರಿಯಲ್ಲಿ ಬಾಗಿಲಲ್ಲಿ ಜಾತಿ ಕುಲ ಕೇಳಲಿಲ್ಲ. ಮದುವೆಯಾಗದೆ ಬಸುರಿಯಾದವಳು, ಸಲಿಂಗಿ, ಡ್ರಗ್ಸ್ ಚಟದವನು ಎಲ್ಲರೂ ಒಂದೇ ಮೇಜಿಗೆ ಕೂತರು. ಇದನ್ನು ಹೊಗಳಿ ಬರೆದಿರೋದು ಮಗ ಫ್ರಾಂಕ್. ಅಪ್ಪ ಅಮ್ಮನ ಮೇಲೆ ಅಷ್ಟು ದೂರು ಹೇಳಿದವರೇ ಇದೊಂದು ವಿಷಯಕ್ಕೆ ತಲೆಬಾಗ್ತಾರೆ ಅಂದಮೇಲೆ ನಂಬಬಹುದು.

ಅನ್ನದ ಋಣಕ್ಕೆ ಲಾಬ್ರಿ ಕಂಡುಕೊಂಡ ಮದ್ದು ಏನು ಅಂತ ಹುಡುಕಿದರೆ ಎರಡು ಸಿಗುತ್ತವೆ. ಒಂದು, ಕೆಲಸ. ಅರ್ಧ ದಿನ ಓದು, ಅರ್ಧ ದಿನ ದುಡಿಮೆ. ತರಕಾರಿ ಹೆಚ್ಚೋದು, ಪಾತ್ರೆ ತೊಳೆಯೋದು, ತೋಟ ಅಗೆಯೋದು. ಮೇಲುನೋಟಕ್ಕೆ ಇದು ಖರ್ಚು ಉಳಿಸೋ ಉಪಾಯ. ಆದರೆ ಬೆಳಿಗ್ಗೆ ಆಲೂಗಡ್ಡೆ ಸುಲಿದವನು ಮಧ್ಯಾಹ್ನ ಊಟಕ್ಕೆ ಕೂತಾಗ ಪೂರ್ತಿ ಅತಿಥಿಯಾಗಿರೋದಿಲ್ಲ. ಅವನ ಋಣ ಅಷ್ಟರಮಟ್ಟಿಗೆ ತೀರಿರುತ್ತೆ, ಅಷ್ಟರಮಟ್ಟಿಗೆ ನಾಲಿಗೆ ಸಡಿಲವಾಗಿರುತ್ತೆ. ಎರಡನೆಯದು, ಪ್ರಶ್ನೆಗೇ ಮರ್ಯಾದೆ. ಪ್ರಾಮಾಣಿಕವಾಗಿ ಕೇಳಿದ್ದಕ್ಕೆ ಪ್ರಾಮಾಣಿಕ ಉತ್ತರ ಕೊಡಬೇಕು ಅನ್ನೋದನ್ನು ಅವರು ನಿಯಮ ಮಾಡಿಕೊಂಡರು. ಎದುರು ಮಾತಾಡೋದೇ ಆ ಮೇಜಿನ ಶಿಷ್ಟಾಚಾರವಾದಾಗ ‘ಇಲ್ಲ’ ಅನ್ನೋದು ಉಪ್ಪಿಗೆ ದ್ರೋಹ ಆಗೋದಿಲ್ಲ. ನನ್ನ ರೂಮ್‌ಮೇಟ್‌ಗೆ ಸಿಗದೇ ಹೋಗಿದ್ದು ಇವೆರಡೇ. ಅವನಿಗೆ ಒಂದು ದಿನವೂ ತಟ್ಟೆ ತೊಳೆಯೋಕೆ ಬಿಡಲಿಲ್ಲ, ಬೈಬಲ್ ಓದಿನಲ್ಲಿ ಜಗಳ ಆಡೋಕೂ ಕರೆಯಲಿಲ್ಲ.

ಹಾಗಂತ ಲಾಬ್ರಿ ಗೆದ್ದಿತು ಅಂತ ಷರಾ ಬರೆಯೋಕೆ ಮಗನ ಪುಸ್ತಕ ಬಿಡೋದಿಲ್ಲ. ‘ಕ್ರೇಜಿ ಫಾರ್ ಗಾಡ್’ ಆ ಊಟದ ಬಿಲ್ಲು ಯಾರ ಹೆಸರಿಗೆ ಬಂತು ಅನ್ನೋದನ್ನು ತೋರಿಸುತ್ತೆ. ಮೇಜಿನ ಮೇಲೆ ಹೂವು, ಮೇಣದ ಬತ್ತಿ ಇಟ್ಟು, ಬಂದವರಿಗೆಲ್ಲ ಬಡಿಸಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಕಾಗದ ಟೈಪ್ ಮಾಡ್ತಾ ಕೂರುವ ಅಮ್ಮ. ಖಿನ್ನತೆಗೆ ಜಾರುವ, ಸಿಟ್ಟು ಬಂದರೆ ಸಾಮಾನು ಎಸೆಯುವ, ಮರುಗಳಿಗೆ ಕೆಳಗಿಳಿದು ಬಂದು ಹುಡುಗರಿಗೆ ತಾಳ್ಮೆಯಿಂದ ಉತ್ತರ ಹೇಳುವ ಅಪ್ಪ. ಮನೆ ತುಂಬ ವಿದ್ಯಾರ್ಥಿಗಳು, ಆದರೆ ಮನೆಯ ಹುಡುಗನ ಓದನ್ನೇ ಸರಿಯಾಗಿ ಗಮನಿಸುವವರಿಲ್ಲ. ಇದನ್ನು ಓದುವಾಗ ನಮ್ಮ ಕಡೆಯ ದೊಡ್ಡ ಮನೆಗಳು ನೆನಪಾದವು. ‘ಅವರ ಮನೆ ಒಲೆ ಆರಿದ್ದೇ ಇಲ್ಲ’ ಅಂತ ಊರೆಲ್ಲ ಹೊಗಳುತ್ತೆ. ಒಲೆ ಮುಂದೆ ಕೂತವಳ ಹೆಸರು ಯಾರಿಗೂ ಗೊತ್ತಿರೋದಿಲ್ಲ.

ಮಗನ ಪುಸ್ತಕಕ್ಕೂ ತಕರಾರು ಇದೆ. ಲಾಬ್ರಿಯಲ್ಲಿ ಅವರ ಜತೆ ಬದುಕಿದ್ದ ಆಸ್ ಗಿನ್ನೆಸ್ 2008ರಲ್ಲಿ ಒಂದು ಖಾರವಾದ ವಿಮರ್ಶೆ ಬರೆದು, ಅಪ್ಪನಿಗೆ ತನ್ನ ಮಾತಿನಲ್ಲೇ ನಂಬಿಕೆ ಇರಲಿಲ್ಲ ಅನ್ನೋ ಚಿತ್ರ ಸುಳ್ಳು ಅಂದರು. ನನಗೂ ಫ್ರಾಂಕ್ ಅವರ ತಮಾಷೆ ಎಷ್ಟೋ ಕಡೆ ನ್ಯಾಯ ತಪ್ಪಿದ ಹಾಗೆ ಕಾಣಿಸಿತು. ಒಳ್ಳೆ ಜೋಕು ಸಿಕ್ಕರೆ ಅಮ್ಮನನ್ನೂ ಬಿಡೋದಿಲ್ಲ. ಆದರೆ ಸಿಟ್ಟಿನ ಮನುಷ್ಯನೂ ಪ್ರಾಮಾಣಿಕ ಗುರು ಆಗಿರಬಹುದು ಅನ್ನೋದನ್ನು ಗಿನ್ನೆಸ್ ಮತ್ತು ಫ್ರಾಂಕ್ ಇಬ್ಬರನ್ನೂ ಸೇರಿಸಿ ಓದಿದರೆ ಒಪ್ಪಿಕೊಳ್ಳಬಹುದು.

ಎರಡೂ ಪುಸ್ತಕ ಸೇರಿಸಿ ಓದಿದಾಗ ನನಗೆ ಕಂಡ ದೊಡ್ಡ ತಿರುವು ಬೇರೆ ಕಡೆ ಇದೆ. ಮೊದಮೊದಲು ಫ್ರಾನ್ಸಿಸ್ ತಮ್ಮ ಮಾತನ್ನು ರೆಕಾರ್ಡ್ ಮಾಡೋಕೆ ಬಿಡ್ತಿರಲಿಲ್ಲ. ಮಾತು ಸಹಜವಾಗಿ ಹರಿಯೋದಿಲ್ಲ ಅಂತ ಹೆದರಿಕೆ. ಯಾರೋ ಗೊತ್ತಾಗದ ಹಾಗೆ ಮೈಕ್ ಬಚ್ಚಿಟ್ಟ ಮೇಲೆ ಟೇಪುಗಳು ಶುರುವಾದವು. ಆಮೇಲೆ 1968ರಿಂದ ಪುಸ್ತಕಗಳು. ಆಮೇಲೆ ಸಿನಿಮಾ. ಪಾಶ್ಚಾತ್ಯ ಸಂಸ್ಕೃತಿಯ ಏಳುಬೀಳು ಹೇಳುವ ಹತ್ತು ಕಂತಿನ ಸರಣಿ. ಅದರ ನಿರ್ಮಾಣದಲ್ಲಿ ಫ್ರಾಂಕ್ ಅವರದೇ ಮುಂದಾಳತ್ವ. 1981ರ ಹೊತ್ತಿಗೆ ‘ಎ ಕ್ರಿಶ್ಚಿಯನ್ ಮ್ಯಾನಿಫೆಸ್ಟೊ’ ಬರೆದು ಅಮೆರಿಕದ ಬಲಪಂಥೀಯ ರಾಜಕಾರಣದ ವೇದಿಕೆ ಮೇಲೆ ನಿಂತಿದ್ದರು. ಮಾರ್ಕ್ ನೋಲ್, ಜಾರ್ಜ್ ಮಾರ್ಸ್‌ಡನ್ ಥರದ ಇತಿಹಾಸಕಾರರು, ಅವರೂ ಕ್ರೈಸ್ತರೇ, ‘ನಿಮ್ಮ ಇತಿಹಾಸ ಸರಿಯಿಲ್ಲ’ ಅಂತ ಹೇಳಿದರು. ಅವರು ಒಪ್ಪಲಿಲ್ಲ. 1984ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು.

ತತ್ವಶಾಸ್ತ್ರದ ಪಂಡಿತರು ಅವರ ಪುಸ್ತಕಗಳಲ್ಲಿ ಮೊದಲಿಂದಲೂ ತಪ್ಪು ಹುಡುಕಿದ್ದಾರೆ. ಅಕ್ವಿನಾಸ್, ಕೀರ್ಕೆಗಾರ್ಡ್ ಅವರನ್ನೆಲ್ಲ ಎರಡು ಪುಟದಲ್ಲಿ ಮುಗಿಸಿಬಿಡ್ತಾರೆ. ಆದರೆ ಯುಎಮೋದ ಮೇಜಿನಲ್ಲಿ ಅಂಥ ತಪ್ಪನ್ನು ಹಿಡಿಯೋಕೆ ಒಬ್ಬ ತತ್ವಶಾಸ್ತ್ರದ ಎಂಎ ಹುಡುಗ ಎದುರಲ್ಲೇ ಕೂತಿರುತ್ತಿದ್ದ. ಕ್ಯಾಮೆರಾ ಮುಂದೆ ಯಾರೂ ಕೂತಿರೋದಿಲ್ಲ. ಶಿಷ್ಯರನ್ನು ಮೇಜು ತಿದ್ದಿತು ಅಂತ ಎಲ್ಲರೂ ಹೇಳ್ತಾರೆ. ಗುರುವನ್ನೂ ಅದೇ ತಿದ್ದುತ್ತಿತ್ತು ಅಂತ ನನ್ನ ಅನಿಸಿಕೆ. ಮೇಜು ಬಿಟ್ಟು ವೇದಿಕೆ ಹತ್ತಿದ ದಿನ ಆ ತಿದ್ದುವಿಕೆ ನಿಂತಿತು.

ನಮಗೆ ಇದೆಲ್ಲ ಯಾಕೆ ಅಂತೀರಾ? ಆಫೀಸಿನಲ್ಲಿ ನಮ್ಮಲ್ಲಿ ಎಷ್ಟೋ ಜನ ಈಗ ‘ಮೆಂಟರ್’ಗಳು. ಫ್ರೆಷರ್‌ಗಳ ಜತೆ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ, ಕ್ಯಾಲೆಂಡರಿನಲ್ಲಿ ಬ್ಲಾಕ್ ಮಾಡಿಟ್ಟ ವಾತ್ಸಲ್ಯ. ನಾವು ಮಾತಾಡ್ತೀವಿ, ಅವರು ತಲೆಯಾಡಿಸ್ತಾರೆ, ಕೊನೆಗೆ ಫೀಡ್‌ಬ್ಯಾಕ್ ಫಾರಂನಲ್ಲಿ ಐದಕ್ಕೆ ಐದು ಬರುತ್ತೆ. ಕಾಫಿ ಕುಡಿಸಿದವರು ನಾವು, ಅಪ್ರೈಸಲ್‌ನಲ್ಲಿ ಮಾತು ನಡೆಯೋದೂ ನಮ್ಮದೇ. ಅಲ್ಲಿ ‘ಇಲ್ಲ’ ಅನ್ನೋ ಮಾತು ಹೊರಡೋಕೆ ಜಾಗ ಎಲ್ಲಿದೆ?

ಈಡಿತ್ ಪುಸ್ತಕ ಒಂದನ್ನೇ ಓದಿದರೆ ಮನೆಯನ್ನು ಛತ್ರ ಮಾಡಬೇಕು ಅನ್ನಿಸುತ್ತೆ. ಫ್ರಾಂಕ್ ಪುಸ್ತಕ ಒಂದನ್ನೇ ಓದಿದರೆ ಬಾಗಿಲಿಗೆ ಚಿಲಕ ಹಾಕಬೇಕು ಅನ್ನಿಸುತ್ತೆ. ಅದಕ್ಕೇ ಎರಡನ್ನೂ ಓದಿ, ಮೊದಲು ಅಮ್ಮನದು, ಆಮೇಲೆ ಮಗನದು. ಓದಿದ ಮೇಲೆ ಯಾರನ್ನಾದರೂ ಊಟಕ್ಕೆ ಕರೆದರೆ, ಬಂದವರ ಕೈಗೆ ಈರುಳ್ಳಿ, ಚಾಕು ಕೊಡಿ. ಒಲೆ ಮುಂದೆ ನೀವೂ ನಿಲ್ಲಿ. ಊಟವಾದ ಮೇಲೆ ಅವರು ‘ನೀವು ಹೇಳಿದ್ದು ನಂಗೆ ಸರಿ ಕಾಣ್ಲಿಲ್ಲ’ ಅಂದರೆ, ಮುಂದಿನ ವಾರವೂ ಬನ್ನಿ ಅಂತ ಕರೆಯಿರಿ.